ಮೀನಿನ ರಕ್ತದಲ್ಲಿ ತೋಡಿನ ಸುದ್ದಿ ಓದುವುದು ಹೇಗೆ

ತೋಡಿನ, ಅಂದರೆ ನಮ್ಮ ಕಡೆಯ ಸಣ್ಣ ಹೊಳೆಯ, ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕೊಟ್ಟರೆ ಆ ಬಾಟಲಿ ತುಂಬಿಸಿದ ಹೊತ್ತಿನ ಸುದ್ದಿ ಮಾತ್ರ ಸಿಗುತ್ತದೆ. ಮೊನ್ನೆ ರಾತ್ರಿ ಏನು ಹರಿದು ಹೋಯಿತು, ಹೋದ ವಾರ ಮೇಲಿನ ತೋಟದಿಂದ ಏನು ತೊಳೆದು ಬಂತು ಅಂತ ಬಾಟಲಿಗೆ ಗೊತ್ತಿಲ್ಲ. ಮೀನಿಗೆ ಗೊತ್ತು. ಅದು ಹಗಲೂ ರಾತ್ರಿ ಅಲ್ಲೇ ಇತ್ತು, ಅದೇ ನೀರನ್ನು ಕಿವಿರಿನ ಮೂಲಕ ಹಾಯಿಸಿಕೊಂಡು ಉಸಿರಾಡಿತು. ಆ ನೀರಿನಲ್ಲಿ ಜೀವಕೋಶದ ಡಿಎನ್‌ಎಗೆ ಏಟು ಕೊಡುವಂಥದ್ದು ಏನಾದರೂ ಇದ್ದರೆ ಮೀನಿನ ಕೆಂಪು ರಕ್ತಕಣದಲ್ಲಿ ಅದರ ಗುರುತು ಉಳಿದಿರುತ್ತದೆ. ಆ ಗುರುತನ್ನು ಓದುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಾಸರಗೋಡಿನ ಈಚೆ, ಪೆರ್ಲ ಬದಿಯಡ್ಕದ ಕಡೆಯವಳು, ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ಒಂದು ಒಳ್ಳೆಯ ಮೈಕ್ರೋಸ್ಕೋಪ್ ಇರುವ ಕಾಲೇಜಿನ ಮಕ್ಕಳು, ಅಧ್ಯಾಪಕರು, ತೋಡಿನ ಬಗ್ಗೆ ಕಾಳಜಿ ಇರುವ ಊರಿನವರು ಸೇರಿದರೆ ಇದನ್ನು ಮಾಡಬಹುದು.

ನಮ್ಮ ಕಡೆ ಇದು ಯಾಕೆ ಬೇಕು ಅಂತ ಹೆಚ್ಚು ಹೇಳಬೇಕಾಗಿಲ್ಲ ಅಲ್ವಾ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು, ಅದು ನಿಂತದ್ದು 2000ದ ಹೊತ್ತಿಗೆ. ಪಡ್ರೆ, ಸ್ವರ್ಗ, ವಾಣೀನಗರ ಅನ್ನುವ ನಮ್ಮ ಊರುಗಳ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಹಾಗೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು, ಅದೇ ವರ್ಷ, ಬೇಗ ಕರಗಿ ಹೋಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಎಂಡೋಸಲ್ಫಾನ್ ಮೀನಿಗೆ ಎಂಥಾ ವಿಷ ಅಂದರೆ ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಎಷ್ಟೋ ಜಾತಿಯ ಮೀನು ನಾಲ್ಕು ದಿನದೊಳಗೆ ಅರ್ಧಕ್ಕರ್ಧ ಸಾಯುತ್ತವೆ. ಸತ್ತು ತೇಲಿದ ಮೀನು ಎಲ್ಲರ ಕಣ್ಣಿಗೂ ಬೀಳುತ್ತದೆ. ಸಾಯದೆ ಉಳಿದ ಮೀನಿನ ಒಳಗೆ ಏನಾಗಿದೆ ಅಂತ ನೋಡುವವರು ಕಡಿಮೆ. ಮುಂದಿನ ಸಲವಾದರೂ ನಾವು ಮೀನು ತೇಲುವವರೆಗೆ ಕಾಯಬಾರದು ಅನ್ನುವ ಆಸೆ ನನ್ನದು.

ಮೊದಲು ಸ್ವಲ್ಪ ವಿಷಯ ತಿಳಿದಿರಲಿ

ನಮ್ಮ ಕೆಂಪು ರಕ್ತಕಣ ಬೆಳೆಯುವಾಗ ತನ್ನ ನ್ಯೂಕ್ಲಿಯಸ್ಸನ್ನು, ಅಂದರೆ ಡಿಎನ್‌ಎ ಇರುವ ತಿರುಳನ್ನು, ಹೊರಗೆ ಹಾಕಿಬಿಡುತ್ತದೆ. ಮೀನಿನದ್ದು ಹಾಗಲ್ಲ. ಅದರ ಕಣ ಉದ್ದುದ್ದ, ಮೊಟ್ಟೆಯಾಕಾರ, ಸುಮಾರು 10 ಮೈಕ್ರಾನ್ ಉದ್ದ, ನಡುವೆ ಒಂದು ನ್ಯೂಕ್ಲಿಯಸ್ ಕೊನೆಯವರೆಗೂ ಇರುತ್ತದೆ. ಅದಕ್ಕೇ ಈ ಕೆಲಸಕ್ಕೆ ಮೀನಿನ ರಕ್ತ ಅಷ್ಟು ಅನುಕೂಲ. ಒಂದು ಹನಿಯಲ್ಲಿ ಲಕ್ಷಗಟ್ಟಲೆ ನ್ಯೂಕ್ಲಿಯಸ್, ಅದೂ ಒಂದೊಂದೇ ಬಿಡಿಬಿಡಿಯಾಗಿ.

ಕಣ ಹುಟ್ಟುವ ಜಾಗದಲ್ಲಿ, ಅಂದರೆ ಮೀನಿನ ಮೂತ್ರಪಿಂಡದ ಮುಂಭಾಗದಲ್ಲಿ, ಜೀವಕೋಶ ಎರಡಾಗುವಾಗ ಡಿಎನ್‌ಎ ಸುತ್ತಿಟ್ಟ ಕ್ರೋಮೋಸೋಮುಗಳು ಎರಡು ಪಾಲಾಗಿ ಎರಡು ಕಡೆಗೆ ಹೋಗಬೇಕು. ಆಗ ಒಂದು ತುಂಡು ಮುರಿದು ಹಿಂದೆ ಉಳಿದರೆ, ಅಥವಾ ಎಳೆಯುವ ದಾರವೇ ಕೆಟ್ಟು ಒಂದು ಇಡೀ ಕ್ರೋಮೋಸೋಮ್ ದಾರಿ ತಪ್ಪಿದರೆ, ಅದು ದೊಡ್ಡ ನ್ಯೂಕ್ಲಿಯಸ್ಸಿಗೆ ಸೇರದೆ ಪಕ್ಕದಲ್ಲಿ ಒಂದು ಪುಟ್ಟ ಚುಕ್ಕೆಯಾಗಿ ಕೂರುತ್ತದೆ. ಇದೇ ಮೈಕ್ರೋನ್ಯೂಕ್ಲಿಯಸ್. ನಾನು ಮಕ್ಕಳಿಗೆ ಮರಿಚುಕ್ಕೆ ಅಂತಲೇ ಹೇಳುವುದು, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಇಲಿಗಳ ಮೂಳೆಮಜ್ಜೆಯಲ್ಲಿ ಮರಿಚುಕ್ಕೆ ಎಣಿಸುವ ಪರೀಕ್ಷೆ 1970ರ ದಶಕದಲ್ಲೇ ಬಂದಿತ್ತು. ಮೀನಿನ ರಕ್ತಕ್ಕೆ ಅದನ್ನು ಹೊಂದಿಸಿಕೊಟ್ಟವರಲ್ಲಿ ಮೊದಲಿಗರು ಹೂಫ್ಟ್‌ಮನ್ ಮತ್ತು ಡಿ ರಾಟ್, 1982ರಲ್ಲಿ. 1990ರಲ್ಲಿ ಕರಾಸ್ಕೊ ಮತ್ತು ಜೊತೆಗಾರರು ಮರಿಚುಕ್ಕೆ ಅಲ್ಲದೆ ನ್ಯೂಕ್ಲಿಯಸ್ಸಿನ ಬೇರೆ ಬೇರೆ ವಿಕಾರಗಳನ್ನೂ ಹೆಸರಿಟ್ಟು ವಿಂಗಡಿಸಿದರು. ಇವತ್ತಿಗೂ ಎಲ್ಲರೂ ಎಣಿಸುವುದು ಹೆಚ್ಚು ಕಡಿಮೆ ಆ ವಿಂಗಡಣೆಯ ಪ್ರಕಾರವೇ.

ಎಲ್ಲಿ, ಯಾವಾಗ, ಯಾವ ಮೀನು

ಇದು ಕೆಲಸದ ಅರ್ಧ ಭಾಗ. ಇಲ್ಲಿ ತಪ್ಪಿದರೆ ಮುಂದೆ ಎಷ್ಟು ಚಂದ ಎಣಿಸಿದರೂ ಉಪಯೋಗ ಇಲ್ಲ.

ಒಂದೇ ಜಾಗದ ಮೀನು ನೋಡಿ ಏನೂ ಹೇಳಲಾಗುವುದಿಲ್ಲ. ಹೋಲಿಸಲು ಎರಡನೇ ಜಾಗ ಬೇಕೇ ಬೇಕು. ಅನುಮಾನ ಇರುವ ಜಾಗದ ಕೆಳಗೆ ಒಂದು, ಮೇಲೆ ಒಂದು. ಮೇಲಿನದ್ದು ತೋಟ, ಪೇಟೆ, ಕಸದ ಗುಂಡಿ ಯಾವುದೂ ತಾಗದ ಜಾಗವಾಗಿರಲಿ. ನಮ್ಮ ಗುಡ್ಡದ ಕಡೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬಿದ್ದು ತುಂಬುವ ಮದಕ ಕೆರೆಗಳಿವೆ. ಅಂಥ ಕಡೆ ಅದೇ ಜಾತಿಯ ಮೀನಿದ್ದರೆ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ. ದೇವಸ್ಥಾನದ ಕೆರೆಯ ಮೀನಿಗೆ ಕೈ ಹಾಕಬೇಡಿ. ಅದು ಊರಿನ ನಂಬಿಕೆಯ ಮಾತು, ಒಂದು ಹನಿ ರಕ್ತಕ್ಕೋಸ್ಕರ ಅದನ್ನು ನೋಯಿಸಬಾರದು.

ಮೀನಿನ ಜಾತಿ ಎರಡೂ ಕಡೆ ಒಂದೇ ಇರಬೇಕು, ಗಾತ್ರವೂ ಹತ್ತಿರ ಹತ್ತಿರ ಇರಬೇಕು. ಅಳಿವೆಯ ಕಡೆಯವರಿಗೆ, ಅಂದರೆ ಕುಂಬಳೆ, ಮೊಗ್ರಾಲ್, ಚಂದ್ರಗಿರಿಯ ಕೆಳಭಾಗದವರಿಗೆ, ಕರಿಮೀನು ಸಿಗುತ್ತದೆ. ಕೇರಳದ ರಾಜ್ಯ ಮೀನೇ ಅದು. ಒಳನಾಡಿನ ಕೆರೆಗಳಲ್ಲಿ ತಿಲಾಪಿಯ ಬೇಕಾದಷ್ಟಿದೆ. ಅದು 1952ರಲ್ಲಿ ಹೊರಗಿನಿಂದ ನಮ್ಮ ದೇಶಕ್ಕೆ ಬಂದ ಮೀನು, ಕೆಟ್ಟ ನೀರಿನಲ್ಲೂ ಬದುಕುತ್ತದೆ, ಹಾಗಾಗಿ ಕೊಳಕು ಜಾಗದಲ್ಲೂ ಸಿಗುತ್ತದೆ. ಆದರೆ ಒಂದು ಮಾತು ನೆನಪಿಡಿ: ತಿಲಾಪಿಯ ಇಲ್ಲದ ತೋಡಿಗೆ ಪರೀಕ್ಷೆಯ ಹೆಸರಿನಲ್ಲಿ ಅದನ್ನು ತಂದು ಬಿಡಬೇಡಿ. ಒಮ್ಮೆ ಸೇರಿಕೊಂಡರೆ ನಮ್ಮ ಮೀನುಗಳಿಗೆ ಜಾಗ ಉಳಿಯುವುದಿಲ್ಲ.

ಕಾಲ ನೋಡುವುದು ಇನ್ನೂ ಸೂಕ್ಷ್ಮ. ಮೊದಲ ಮಳೆಗೆ ತೋಡಿನಲ್ಲಿ ಮೀನು ಹತ್ತುತ್ತದೆ, ಮೊಟ್ಟೆಯಿಡಲು ಮೇಲೆ ಬರುತ್ತದೆ, ಗದ್ದೆಯವರೆಗೂ ಬರುತ್ತದೆ. ಆಗ ಹಿಡಿದ ಮೀನು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ, ಅದರ ರಕ್ತ ಯಾವ ನೀರಿನ ಕತೆ ಹೇಳುತ್ತದೆ ಅನ್ನುವುದೂ ಗೊತ್ತಿಲ್ಲ. ಜೊತೆಗೆ ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದೇ ಸರಿಯಲ್ಲ. ನನ್ನ ಅನುಭವದಲ್ಲಿ ಒಳ್ಳೆಯ ಕಾಲ ಅಂದರೆ ತೋಡಿಗೆ ಕಟ್ಟ ಕಟ್ಟಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿವರೆಗೆ. ಕಟ್ಟದ ಹಿಂದೆ ನೀರು ನಿಲ್ಲುತ್ತದೆ, ಮೀನು ಅಲ್ಲೇ ಉಳಿಯುತ್ತದೆ, ತಿಂಗಳುಗಟ್ಟಲೆ ಒಂದೇ ನೀರು ಕುಡಿದಿರುತ್ತದೆ.

ಅಡಿಕೆಗೆ ಮದ್ದು ಬಿಡುವ ಕಾಲದ್ದೇ ಪರಿಣಾಮ ನೋಡಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ನಮ್ಮಲ್ಲಿ ಮೇ ಕೊನೆಗೆ, ಜೂನಿಗೆ, ಆಮೇಲೆ ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ ಕೊಳೆರೋಗಕ್ಕೆ ಬೋರ್ಡೋ ಬಿಡುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಗೊನೆ ನೀಲಿ, ಸೋಗೆ ನೀಲಿ, ಮದ್ದು ಬಿಡುವವರ ಅಂಗಿಯೂ ನೀಲಿ. ಮದ್ದು ಬಿಟ್ಟ ಡ್ರಮ್ಮನ್ನು ತೋಡಿನ ಬದಿಯಲ್ಲಿ ತೊಳೆದರೆ ನೀರಿನಲ್ಲಿ ಒಂದು ನೀಲಿ ಎಳೆ ಹರಿದುಹೋಗುವುದು ಕಾಣುತ್ತದೆ, ಎರಡು ನಿಮಿಷದಲ್ಲಿ ಮಾಯ. ಮೈಲುತುತ್ತಿನ ನೀರಿನಲ್ಲಿ ವಾರಗಟ್ಟಲೆ ಇಟ್ಟ ಮೀನುಗಳ ರಕ್ತ, ಕಿವಿರು, ಲಿವರಿನಲ್ಲಿ ಮರಿಚುಕ್ಕೆ ಹೆಚ್ಚಾದದ್ದನ್ನು ಲ್ಯಾಬಿನಲ್ಲಿ ನೋಡಿದ್ದಾರೆ. ಹಾಗಂತ ಬೋರ್ಡೋ ಬಿಡಬೇಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯ ತೋಟಕ್ಕೂ ಅದನ್ನೇ ಬಿಡುವುದು. ಡ್ರಮ್ ತೊಳೆದ ನೀರು ತೋಡಿಗೆ ಬೀಳದ ಹಾಗೆ ತೋಟದೊಳಗೇ ಚೆಲ್ಲಿ, ಅಷ್ಟೇ ನನ್ನ ಬೇಡಿಕೆ.

ಈ ಮಳೆಗಾಲದ ನೋಟಕ್ಕೆ ಪಂಜರದ ಕ್ರಮ ಒಳ್ಳೆಯದು. ಅದೇ ತೋಡಿನ ಮೇಲ್ಭಾಗದ ಮೀನನ್ನು ಹಿಡಿದು ಬಲೆಯ ಗೂಡಿನಲ್ಲಿ ಹಾಕಿ, ಒಂದು ಗೂಡನ್ನು ಮೇಲೆ, ಇನ್ನೊಂದನ್ನು ಕೆಳಗೆ, ಸೆಳೆತ ಕಡಿಮೆ ಇರುವ ಕಡೆ ಒಂದು ವಾರ ಇಡುವುದು. ಮರಿಚುಕ್ಕೆ ರಕ್ತಕ್ಕೆ ಬಂದು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಐದು ದಿನ ಬೇಕು, ಜಾತಿಯಿಂದ ಜಾತಿಗೆ ವ್ಯತ್ಯಾಸ ಇದೆ. ಇವತ್ತು ವಿಷ ಬಿದ್ದು ಇವತ್ತೇ ಸಂಜೆ ರಕ್ತ ತೆಗೆದರೆ ಏನೂ ಕಾಣುವುದಿಲ್ಲ.

ಅಳಿವೆಯ ಕಡೆಯವರು ಉಪ್ಪನ್ನು ಮರೆಯಬಾರದು. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಸಮುದ್ರದ ನೀರು ಎಷ್ಟು ಮೇಲೆ ಏರುತ್ತಿತ್ತು ಅನ್ನುವುದು ಆ ಹೊಳೆಯ ಬಾವಿಕ್ಕರೆಯಿಂದ ಬಂದ ಉಪ್ಪು ನೀರು ಕುಡಿದ ಕಾಸರಗೋಡು ಪೇಟೆಯವರಿಗೆ ಗೊತ್ತು. ಉಪ್ಪು, ಬಿಸಿ, ಆಮ್ಲಜನಕದ ಕೊರತೆ ಇವೂ ರಕ್ತಕಣದ ಮೇಲೆ ಪರಿಣಾಮ ಮಾಡುತ್ತವೆ. ಹಾಗಾಗಿ ಮೀನು ಹಿಡಿದ ಜಾಗದಲ್ಲೇ ನೀರಿನ ಬಿಸಿ, ಪಿಎಚ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಅಳೆದು ಬರೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಚಿಕ್ಕ ಮೀಟರ್ ಸಾಕು. ಕರಗಿದ ಆಮ್ಲಜನಕವೂ ಸಿಕ್ಕಿದರೆ ಇನ್ನೂ ಒಳ್ಳೆಯದು.

ಒಂದು ಜಾಗಕ್ಕೆ ಎಷ್ಟು ಮೀನು? ಐದಕ್ಕಿಂತ ಕಡಿಮೆ ಬೇಡ, ಹತ್ತಿದ್ದರೆ ಧೈರ್ಯ.

ರಕ್ತ ತೆಗೆಯುವುದು

ಕಾಲೇಜಿನ ಕೆಲಸವಾದರೆ ಮೊದಲು ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆಯಿರಿ. ಮೀನಿಗೂ ನೋವಾಗುತ್ತದೆ. ಸೂಜಿ ಹಾಕುವುದನ್ನು ಗೊತ್ತಿರುವವರ ಪಕ್ಕ ನಿಂತು ಕಲಿಯಿರಿ, ಓದಿ ಕಲಿಯುವ ಕೆಲಸ ಅಲ್ಲ ಅದು. ಒಪ್ಪಿಗೆ ಇಲ್ಲ, ಕಲಿಸುವವರೂ ಇಲ್ಲ ಅಂತಾದರೆ ಬೀಸು ಬಲೆ ಹಾಕುವವರ ಜೊತೆ ಮಾತಾಡಿ, ಅವರು ಊಟಕ್ಕೆ ಕೊಲ್ಲುವ ಮೀನಿನ ರಕ್ತವನ್ನು ಅಲ್ಲೇ, ಆ ಕ್ಷಣದಲ್ಲೇ, ಸ್ಲೈಡಿಗೆ ತೆಗೆದುಕೊಳ್ಳಿ. ಸತ್ತು ಗಂಟೆಗಟ್ಟಲೆ ಆದ ಮೀನು, ಐಸಿನಲ್ಲಿಟ್ಟ ಮೀನು ಯಾವುದಕ್ಕೂ ಬೇಡ. ನ್ಯೂಕ್ಲಿಯಸ್ ಆಗಲೇ ಕರಗಲು ಶುರುವಾಗಿರುತ್ತದೆ, ಅದನ್ನು ನೋಡಿ ಮಾಲಿನ್ಯ ಅಂದುಕೊಳ್ಳುವ ಅಪಾಯ ಇದೆ.

ಬದುಕಿರುವ ಮೀನಿಗೆ ಲವಂಗದೆಣ್ಣೆಯ ನೀರು ಒಳ್ಳೆಯ ಮತ್ತಿನ ಮದ್ದು. ಎಣ್ಣೆ ನೇರವಾಗಿ ನೀರಿನಲ್ಲಿ ಬೆರೆಯುವುದಿಲ್ಲ. ಒಂದು ಪಾಲು ಲವಂಗದೆಣ್ಣೆಗೆ ಒಂಬತ್ತು ಪಾಲು ಎಥನಾಲ್ ಹಾಕಿ ಕಲಕಿ, ಆ ಮಿಶ್ರಣದ ಅರ್ಧ ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ ಹಾಕಿ. ಅದೇ ತೋಡಿನ ನೀರನ್ನೇ ಬಳಸಿ. ಕೆಲವು ನಿಮಿಷದಲ್ಲಿ ಮೀನು ಓಲಾಡುತ್ತದೆ, ಮಗ್ಗುಲಾಗುತ್ತದೆ, ಬಾಲದ ಬುಡ ಒತ್ತಿದರೂ ಕದಲುವುದಿಲ್ಲ. ಕಿವಿರಿನ ಮುಚ್ಚಳ ಮಾತ್ರ ನಿಧಾನವಾಗಿ ಆಡುತ್ತಿರಬೇಕು. ಆಗ ಒದ್ದೆ ಬಟ್ಟೆಯ ಮೇಲೆ ಮಲಗಿಸಿ. ಕೈಯನ್ನೂ ಒದ್ದೆ ಮಾಡಿಕೊಳ್ಳಿ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ.

ಸೂಜಿ ಹಾಕುವ ಜಾಗ ಹೊಟ್ಟೆಯ ಕಡೆಯಿಂದ, ಗುದದ ರೆಕ್ಕೆ ಮುಗಿದ ಕೂಡಲೇ, ಸರಿಯಾಗಿ ನಡುಗೆರೆಯಲ್ಲಿ. ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಹಾಯಿಸಿದ ಸಣ್ಣ ಸಿರಿಂಜಿನಲ್ಲಿ ಬೆನ್ನುಮೂಳೆ ತಾಗುವವರೆಗೆ ಮೆಲ್ಲ ಮೇಲಕ್ಕೆ ಹೋಗಿ, ಒಂದು ಕೂದಲೆಳೆ ಹಿಂದೆ ಬಂದು ಪಿಸ್ಟನ್ ಎಳೆಯಿರಿ. ಜೋರಾಗಿ ಎಳೆದರೆ ಕಣ ಒಡೆಯುತ್ತದೆ. ನಮಗೆ ಬೇಕಾದದ್ದು ಒಂದೆರಡು ಹನಿ ಮಾತ್ರ. ಸೂಜಿ ತೆಗೆದ ಮೇಲೆ ಆ ಜಾಗವನ್ನು ಬೆರಳಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಗಾಳಿ ಆಡುವ ಒಳ್ಳೆಯ ನೀರಿಗೆ ಹಾಕಿ, ಪೂರ್ತಿ ಎಚ್ಚರವಾಗಿ ಈಜಿದ ಮೇಲೆ ಹಿಡಿದ ಜಾಗಕ್ಕೇ ಬಿಡಿ. ಮತ್ತಿನ ನೀರಿನಲ್ಲಿಟ್ಟ ಮೀನನ್ನು ಯಾರೂ ಸಾರು ಮಾಡಬಾರದು.

ಸ್ಲೈಡ್ ಮಾಡುವುದು, ಬಣ್ಣ ಹಾಕುವುದು

ಸ್ಲೈಡನ್ನು ಮೊದಲೇ ಎಥನಾಲಿನಲ್ಲಿ ಒರೆಸಿಡಿ, ಬೆರಳಿನ ಜಿಡ್ಡು ಇರಬಾರದು. ಗಸಗಸೆ ಕಾಳಿಗಿಂತ ಸ್ವಲ್ಪ ದೊಡ್ಡ ಹನಿ ಸಾಕು. ಇನ್ನೊಂದು ಸ್ಲೈಡಿನ ಅಂಚನ್ನು ಓರೆಯಾಗಿ ಹನಿಗೆ ತಾಗಿಸಿ, ರಕ್ತ ಅಂಚಿನ ಉದ್ದಕ್ಕೂ ಹರಡಿದ ಕೂಡಲೇ ಒಂದೇ ಎಳೆತದಲ್ಲಿ ಮುಂದೆ ತಳ್ಳಿ. ನಿಲ್ಲಿಸಬೇಡಿ, ಹಿಂದೆ ಬರಬೇಡಿ. ಚೆನ್ನಾಗಿ ಬಂದ ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಹರಡಿದ ರಕ್ತದ ಪದರ, ಒಂದು ಬದಿಯಲ್ಲಿ ದಪ್ಪ, ಇನ್ನೊಂದು ಬದಿಯಲ್ಲಿ ತೆಳ್ಳಗಾಗುತ್ತಾ ಹೋಗಿ ಬೆಕ್ಕಿನ ನಾಲಿಗೆಯ ಹಾಗೆ ಮುಗಿಯುತ್ತದೆ. ಒಂದು ಮೀನಿಗೆ ಮೂರು ಸ್ಲೈಡ್ ಮಾಡಿ, ಒಂದಾದರೂ ಚೆನ್ನಾಗಿರುತ್ತದೆ.

ನಮ್ಮ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಸಾಹಸ. ಗಾಳಿಯಲ್ಲಿ ಅಷ್ಟು ತೇವ, ಸ್ಮಿಯರ್ ನಿಧಾನ ಒಣಗಿದರೆ ಕಣಗಳೆಲ್ಲ ಮುದುಡಿ ಮುಳ್ಳುಮುಳ್ಳಾಗುತ್ತವೆ. ಟೇಬಲ್ ಫ್ಯಾನಿನ ಮುಂದೆ ಹಿಡಿದು ಒಂದು ನಿಮಿಷದೊಳಗೆ ಒಣಗಿಸಿ. ಒಲೆಯ ಮೇಲೆ, ದೀಪದ ಮೇಲೆ ಹಿಡಿಯಬೇಡಿ. ಒಣಗಿದ ಕೂಡಲೇ ಮೆಥನಾಲಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಬಾಟಲಿಯ ಮುಚ್ಚಳ ತೆಗೆದಿಟ್ಟ ಮೆಥನಾಲ್ ಗಾಳಿಯ ತೇವ ಕುಡಿದು ಹಾಳಾಗುತ್ತದೆ, ಅದರಲ್ಲಿ ಮುಳುಗಿಸಿದ ಕಣದಲ್ಲಿ ತೂತು ತೂತು ಕಾಣುತ್ತದೆ. ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿ ಕೆಲಸ ಮಾಡಿ.

ಬಣ್ಣಕ್ಕೆ ಗೀಮ್ಸಾ. ಐದು ಮಿಲಿಲೀಟರ್ ಗೀಮ್ಸಾಗೆ 95 ಮಿಲಿಲೀಟರ್ ಫಾಸ್ಫೇಟ್ ಬಫರ್ (ಪಿಎಚ್ ಸುಲಭವಾಗಿ ಬದಲಾಗದ ದ್ರಾವಣ), ಪಿಎಚ್ 6.8, ಅರ್ಧ ಗಂಟೆ. ಬಫರ್ ಬದಲು ಬಾವಿ ನೀರು ಹಾಕಿದರೆ ಆಗುವುದಿಲ್ಲವಾ ಅಂತ ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಆಗುವುದಿಲ್ಲ. ನಮ್ಮದು ಮುರಕಲ್ಲಿನ ನೆಲ, ಇಲ್ಲಿನ ಬಾವಿ ನೀರು ಸಾಮಾನ್ಯವಾಗಿ ಹುಳಿ ಕಡೆಗೆ ವಾಲಿರುತ್ತದೆ. ಹುಳಿ ಜಾಸ್ತಿಯಾದರೆ ಎಲ್ಲ ಕೆಂಪಾಗಿ ನ್ಯೂಕ್ಲಿಯಸ್ ಮಸುಕಾಗುತ್ತದೆ. ಮಸುಕಾದ ನ್ಯೂಕ್ಲಿಯಸ್ಸಿನ ಪಕ್ಕದ ಮರಿಚುಕ್ಕೆ ಕಾಣುವುದೇ ಇಲ್ಲ. ಕೊನೆಗೆ ಬಫರಿನಲ್ಲೇ ತೊಳೆದು ನಿಲ್ಲಿಸಿ ಒಣಗಿಸಿ.

ಬಣ್ಣ ಹಾಕುವ ಮೊದಲೇ ಇನ್ನೊಂದು ಕೆಲಸ ಇದೆ. ಸ್ಲೈಡಿನ ಮೇಲಿನ ಜಾಗದ ಹೆಸರನ್ನು ಅಳಿಸಿ, ಬೇರೆಯವರ ಕೈಯಲ್ಲಿ ಬರೀ ನಂಬರ್ ಹಾಕಿಸಿ. ಯಾವ ನಂಬರ್ ಯಾವ ತೋಡಿನದ್ದು ಅಂತ ಎಣಿಸುವವರಿಗೆ ಗೊತ್ತಿರಬಾರದು. ಕೆಟ್ಟ ನೀರು ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿದ್ದರೆ ಕಣ್ಣು ಅದಕ್ಕೆ ತಕ್ಕ ಹಾಗೆ ಚುಕ್ಕೆ ಹುಡುಕಿಕೊಡುತ್ತದೆ. ಎಷ್ಟು ಪ್ರಾಮಾಣಿಕರಿಗೂ ಹೀಗಾಗುತ್ತದೆ.

ನೋಡುವುದು, ಎಣಿಸುವುದು

ಎಣ್ಣೆ ಹಾಕಿ ನೋಡುವ 100ರ ಲೆನ್ಸ್ ಬೇಕು. ಶಾಲೆಯ 40ರ ಲೆನ್ಸಿನಲ್ಲಿ ಮಕ್ಕಳಿಗೆ ಮೀನಿನ ಕಣ ತೋರಿಸಿ ಸಂತೋಷಪಡಬಹುದು, ಎಣಿಸಲಾಗದು. ಮೀನಿನ ಕ್ರೋಮೋಸೋಮುಗಳೇ ಚಿಕ್ಕವು, ಅವುಗಳ ತುಂಡಿನಿಂದಾದ ಮರಿಚುಕ್ಕೆ ಇನ್ನೂ ಚಿಕ್ಕದು.

ಸ್ಮಿಯರಿನ ತೆಳ್ಳಗಿನ ಭಾಗದಲ್ಲಿ, ಕಣಗಳು ಒಂದರ ಮೇಲೊಂದು ಬೀಳದ ಜಾಗದಲ್ಲಿ, ಗದ್ದೆ ಉತ್ತ ಹಾಗೆ ಒಂದು ಸಾಲು ಹೋಗಿ, ಪಕ್ಕದ ಸಾಲಿನಲ್ಲಿ ಹಿಂದೆ ಬನ್ನಿ. ಒಂದು ಮೀನಿಗೆ 2000 ಕಣ. ಮರಿಚುಕ್ಕೆ ಅಂತ ಬರೆದುಕೊಳ್ಳಬೇಕಾದರೆ ಅದು ದೊಡ್ಡ ನ್ಯೂಕ್ಲಿಯಸ್ಸಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು, ಅದಕ್ಕೆ ತಾಗಿರಬಾರದು, ಕಣದ ಗಡಿಯ ಒಳಗೇ ಇರಬೇಕು, ದುಂಡಗೆ ಅಥವಾ ಮೊಟ್ಟೆಯಾಕಾರ ಇರಬೇಕು, ಬಣ್ಣ ದೊಡ್ಡದರದ್ದೇ ಬಣ್ಣವಾಗಿರಬೇಕು, ಹೊಳೆಯಬಾರದು. ಮುಖ್ಯವಾಗಿ, ಫೋಕಸ್ ತಿರುಗಿಸುವಾಗ ಎರಡೂ ಒಟ್ಟಿಗೇ ಸ್ಪಷ್ಟವಾಗಬೇಕು, ಒಟ್ಟಿಗೇ ಮಸುಕಾಗಬೇಕು.

ಈ ಕೊನೆಯ ಮಾತನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ವರ್ಷ ನಮ್ಮ ಹೋಲಿಕೆಯ ಕೆರೆಯ ಮೀನಿನಲ್ಲೇ ಸಾವಿರಕ್ಕೆ ನಲವತ್ತರಷ್ಟು ಚುಕ್ಕೆ ಬಂತು. ಅದು ಗುಡ್ಡದ ಮೇಲಿನ ಕೆರೆ, ನಾವೇ ಕೈಯಲ್ಲಿ ಮೊಗೆದು ಕುಡಿದಿದ್ದೆವು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನ ಒಂದೊಂದೇ ಕಣದ ಮೇಲೆ ಫೋಕಸ್ ಮೆಲ್ಲ ತಿರುಗಿಸುತ್ತಾ ಕೂತೆ. ನ್ಯೂಕ್ಲಿಯಸ್ ಚೂಪಾಗಿ ಕಂಡಾಗ ಚುಕ್ಕೆ ಮಸುಕು, ಚುಕ್ಕೆ ಚೂಪಾದಾಗ ನ್ಯೂಕ್ಲಿಯಸ್ ಮಸುಕು. ಚುಕ್ಕೆ ಕಣದ ಒಳಗೆ ಇರಲೇ ಇಲ್ಲ, ಮೇಲೆ ಕೂತಿತ್ತು. ಕಣ ಇಲ್ಲದ ಖಾಲಿ ಜಾಗದಲ್ಲೂ ಅಂಥದ್ದೇ ನೇರಳೆ ಹುಡಿ ಚೆಲ್ಲಿತ್ತು. ಅದು ಗೀಮ್ಸಾದ ಗಸಿ. ಅಂದಿನಿಂದ ಗೀಮ್ಸಾವನ್ನು ಸೋಸದೆ ಬಳಸಿದ್ದಿಲ್ಲ, ಬೆರೆಸಿದ್ದನ್ನು ಮರುದಿನಕ್ಕೆ ಇಟ್ಟದ್ದೂ ಇಲ್ಲ. ಆ ವರ್ಷದ ಎಲ್ಲ ಎಣಿಕೆಯನ್ನೂ ಬಿಟ್ಟುಬಿಟ್ಟೆವು. ಮಕ್ಕಳಿಗೆ ಬೇಜಾರಾಯಿತು, ಆದರೆ ತಪ್ಪು ಲೆಕ್ಕ ಹಿಡಿದುಕೊಂಡು ಪಂಚಾಯತಿಗೆ ಹೋಗಿದ್ದರೆ ಮುಂದೆ ನಮ್ಮ ಸರಿಯಾದ ಲೆಕ್ಕವನ್ನೂ ಯಾರೂ ನಂಬುತ್ತಿರಲಿಲ್ಲ.

ಮರಿಚುಕ್ಕೆಯ ಜೊತೆ ನ್ಯೂಕ್ಲಿಯಸ್ಸಿನ ಆಕಾರವನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಅಂಚಿನಲ್ಲಿ ಸಣ್ಣ ಮೊಗ್ಗು ಮೂಡಿದ ಹಾಗಿದ್ದರೆ ಅದು ಒಂದು ಬಗೆ. ಮೊಗ್ಗಿಗಿಂತ ದೊಡ್ಡದಾಗಿ ಉಬ್ಬಿ ಎರಡು ಮೂರು ಹಾಲೆಗಳಾಗಿದ್ದರೆ ಇನ್ನೊಂದು. ಕತ್ತಿಯಲ್ಲಿ ಕಚ್ಚು ಹಾಕಿದ ಹಾಗೆ ಒಳಕ್ಕೆ ಸೀಳು ಹೋಗಿದ್ದರೆ ಮತ್ತೊಂದು. ಗೇರುಬೀಜದ ಹಾಗೆ ಬಾಗಿದ ನ್ಯೂಕ್ಲಿಯಸ್ ಕೂಡ ಸಿಗುತ್ತದೆ, ನಮ್ಮ ಮಕ್ಕಳಿಗೆ ಅದನ್ನು ಹೇಳಿಕೊಡಲೇ ಬೇಕಾಗಿಲ್ಲ. ಒಂದೇ ಕಣದಲ್ಲಿ ಸಮ ಗಾತ್ರದ ಎರಡು ನ್ಯೂಕ್ಲಿಯಸ್, ನಡು ಸಪೂರವಾಗಿ ಇಂಗ್ಲಿಷಿನ ಎಂಟರ ಹಾಗಾದದ್ದು, ನ್ಯೂಕ್ಲಿಯಸ್ಸಿನ ಒಳಗೇ ಬಣ್ಣ ಹಿಡಿಯದ ತೂತು, ಇವೂ ಇವೆ. ಇವೆಲ್ಲ ಹೇಗೆ ಆಗುತ್ತವೆ ಅನ್ನುವುದು ಮರಿಚುಕ್ಕೆಯಷ್ಟು ಖಚಿತವಾಗಿಲ್ಲ, ಕೆಟ್ಟ ಸ್ಮಿಯರಿನಿಂದಲೂ ಕಚ್ಚು ಬೀಳಬಹುದು. ಹಾಗಾಗಿ ಎರಡನ್ನೂ ಒಟ್ಟು ಸೇರಿಸಿ ಒಂದೇ ಸಂಖ್ಯೆ ಮಾಡಬೇಡಿ.

ಕೆಲವೊಮ್ಮೆ ಕಣದ ಒಳಗೆ ಪರಾವಲಂಬಿ ಜೀವಿಯೇ ಕೂತಿರುತ್ತದೆ, ಅದೂ ಚುಕ್ಕೆಯ ಹಾಗೆ ಕಾಣಬಹುದು. ಎಳೆಯ ಕಣಗಳು ದುಂಡಗೆ, ನೀಲಿ ಛಾಯೆಯಲ್ಲಿರುತ್ತವೆ, ಅವುಗಳನ್ನು ವಿಕಾರ ಅಂತ ಬರೆಯಬೇಡಿ. ಅನುಮಾನ ಬಂದ ಕಣವನ್ನು ಬಿಟ್ಟುಬಿಡಿ, ಅಥವಾ ಫೋಟೋ ತೆಗೆದು ಎರಡನೆಯವರಿಗೆ ತೋರಿಸಿ. ಒಂದು ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೂರಬೇಡಿ, ದಣಿದ ಕಣ್ಣಿಗೆ ಎಲ್ಲವೂ ಮರಿಚುಕ್ಕೆಯೇ.

ಲೆಕ್ಕ ಸುಲಭ. 2000 ಕಣದಲ್ಲಿ ಮೂರು ಕಣಕ್ಕೆ ಮರಿಚುಕ್ಕೆ ಇದ್ದರೆ ಸಾವಿರಕ್ಕೆ ಒಂದೂವರೆ. ಒಳ್ಳೆಯ ನೀರಿನ ಮೀನಿನಲ್ಲೂ ಸೊನ್ನೆ ಇರಬೇಕಾಗಿಲ್ಲ, ಸಾವಿರಕ್ಕೆ ಒಂದು, ಕೆಲವು ಜಾತಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ಸಿಗುವುದು ಸಹಜ. ಇಲ್ಲಿ ತುಂಬಾ ಜನ ಮಾಡುವ ತಪ್ಪು ಯಾವುದೆಂದರೆ, ಹತ್ತು ಮೀನಿನ ಇಪ್ಪತ್ತು ಸಾವಿರ ಕಣವನ್ನೂ ಒಟ್ಟು ಗುಡ್ಡೆ ಹಾಕಿ, ನಮ್ಮಲ್ಲಿ ಇಪ್ಪತ್ತು ಸಾವಿರ ದಾಖಲೆ ಇದೆ ಅನ್ನುವುದು. ಇಲ್ಲ, ನಿಮ್ಮಲ್ಲಿರುವುದು ಹತ್ತು ದಾಖಲೆ. ಒಂದು ಮೀನಿಗೆ ಒಂದು ಸಂಖ್ಯೆ. ಕೆಳಗಿನ ತೋಡಿನ ಹತ್ತು ಸಂಖ್ಯೆ, ಮೇಲಿನ ತೋಡಿನ ಹತ್ತು ಸಂಖ್ಯೆ, ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಮೀನಿನಲ್ಲಿ ವಿಪರೀತ ಇದ್ದು ಉಳಿದ ಒಂಬತ್ತರಲ್ಲಿ ಏನೂ ಇಲ್ಲದಿದ್ದರೆ ಅದು ಆ ಮೀನಿನ ಸಮಸ್ಯೆ ಇರಬಹುದು. ಎಂಟು ಒಂಬತ್ತು ಮೀನಿನಲ್ಲೂ ಏರಿದ್ದರೆ ಆಗ ತೋಡಿನ ಕಡೆ ನೋಡಬೇಕು. ಅಂಕಿಅಂಶ ಗೊತ್ತಿರುವವರು ಮ್ಯಾನ್ ವಿಟ್ನಿ ಪರೀಕ್ಷೆ ಮಾಡಿ.

ಊರಿಗೆ ಏನು ಹೇಳುವುದು

ಸ್ಲೈಡ್ ನೋಡಲು ಬಂದಿದ್ದ ನಮ್ಮ ಪಕ್ಕದ ಮನೆಯ ಅಜ್ಜ ತುಂಬಾ ಹೊತ್ತು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, "ಟೀಚರೇ, ಇದೆಲ್ಲ ಸರಿ, ಈ ನೀರು ಕುಡಿಯಬಹುದಾ ಇಲ್ವಾ, ಅಷ್ಟು ಹೇಳಿ" ಅಂದರು. ನಾನು "ಅಜ್ಜಾ, ಅದನ್ನು ಇದು ಹೇಳುವುದಿಲ್ಲ" ಅಂದೆ. ಕುಡಿಯುವ ನೀರಿಗೆ ಕೋಲಿಫಾರ್ಮ್ ಬ್ಯಾಕ್ಟೀರಿಯದ ಪರೀಕ್ಷೆ ಬೇರೆ, ಲೋಹಗಳ ಪರೀಕ್ಷೆ ಬೇರೆ. ಮೀನಿನ ರಕ್ತ ಹೇಳುವುದು ಇಷ್ಟೇ: ಇಲ್ಲಿ ಬದುಕುವ ಜೀವದ ಡಿಎನ್‌ಎಗೆ ಅಲ್ಲಿಗಿಂತ ಹೆಚ್ಚು ಏಟು ಬೀಳುತ್ತಿದೆ. ಯಾವ ರಾಸಾಯನಿಕ ಅಂತ ಹೇಳುವುದಿಲ್ಲ. ಯಾರ ತೋಟದ್ದು, ಯಾರ ಚರಂಡಿಯದ್ದು ಅಂತ ಹೇಳುವುದಿಲ್ಲ. ಹಾಗಾಗಿ ಇದನ್ನು ಹಿಡಿದುಕೊಂಡು ನೆರೆಮನೆಯವರ ಮೇಲೆ ಬೆರಳು ತೋರಿಸಲು ಹೋಗಬೇಡಿ. ಅಜ್ಜ ಆಮೇಲೆ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ, "ಹಾಗಾದರೆ ಎಲ್ಲಿಂದ ಶುರುವಾಗುತ್ತದೆ ಅಂತ ಹುಡುಕಬಹುದಲ್ವಾ?" ಹುಡುಕಬಹುದು. ತೋಡಿನ ಉದ್ದಕ್ಕೂ ಮೂರ್ನಾಲ್ಕು ಕಟ್ಟಗಳ ಮೀನು ನೋಡಿದರೆ ಸಂಖ್ಯೆ ಎಲ್ಲಿ ಏರುತ್ತದೆ ಅನ್ನುವುದು ಕಾಣುತ್ತದೆ. ಆ ಎರಡು ಕಟ್ಟಗಳ ನಡುವಿನ ನೀರು ಮತ್ತು ಕೆಸರನ್ನು ಮಾತ್ರ ದುಡ್ಡು ಕೊಟ್ಟು ರಾಸಾಯನಿಕ ಪರೀಕ್ಷೆಗೆ ಕಳಿಸಿದರೆ ಸಾಕು. ಇಡೀ ತೋಡಿನದ್ದು ಕಳಿಸಲು ನಮ್ಮಲ್ಲಿ ಯಾರಿಗೂ ತಾಕತ್ತಿಲ್ಲ.

ಸಂಖ್ಯೆ ಏರಿದೆ ಅಂತ ಕಂಡರೆ ಮೊದಲು ಹೊಸ ಮೀನು ಹಿಡಿದು ಇನ್ನೊಮ್ಮೆ ಮಾಡಿ. ಎರಡನೇ ಸಲವೂ ಹಾಗೇ ಬಂದರೆ ಜಾಗ, ದಿನಾಂಕ, ಮೀನಿನ ಗಾತ್ರ, ನೀರಿನ ಅಳತೆ, ಎಣಿಕೆ, ಒಂದೆರಡು ಸ್ಪಷ್ಟ ಫೋಟೋ ಸೇರಿಸಿ ಪಂಚಾಯತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ಕೊಡಿ. ಮದ್ದಿನ ವಿಷಯವಾದರೆ ಕೃಷಿಭವನಕ್ಕೆ ಕೂಡ. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಬಹುದು, ಮಲಯಾಳದ ಒಂದು ಪ್ರತಿ ಜೊತೆಗಿಟ್ಟರೆ ಫೈಲು ಬೇಗ ಮುಂದೆ ಹೋಗುತ್ತದೆ.

ಸ್ಲೈಡುಗಳನ್ನು ಬಿಸಾಡಬೇಡಿ. ಎಣ್ಣೆಯನ್ನು ಮೆಲ್ಲ ಒರೆಸಿ, ಬೆಳಕು ತಾಗದ ಮರದ ಪೆಟ್ಟಿಗೆಯಲ್ಲಿ ಇಡಿ, ಜೊತೆಗೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ. ಇಲ್ಲದಿದ್ದರೆ ಜುಲೈ ಬರುವಾಗ ಬೂಸ್ಟು ಹಿಡಿದಿರುತ್ತದೆ. ನಂಬರಿನ ಗುಟ್ಟು ಬರೆದ ಪುಸ್ತಕ ಅದೇ ಪೆಟ್ಟಿಗೆಯಲ್ಲಿ ಬೇಡ, ಬೇರೆಯವರ ಮನೆಯಲ್ಲಿರಲಿ. ಮುಂದಿನ ವರ್ಷ ಕಟ್ಟ ಕಟ್ಟುವ ಹೊತ್ತಿಗೆ ಹೊಸ ಮಕ್ಕಳು ಬರುತ್ತಾರೆ. ಅವರಿಗೆ ಮೊದಲು ಕೊಡುವುದು ಹಳೆಯ ಸ್ಲೈಡ್, ಹಳೆಯ ಸಂಖ್ಯೆ ಹೇಳದೆ. ಅವರ ಎಣಿಕೆ ನಮ್ಮದಕ್ಕೆ ಹತ್ತಿರ ಬಂದ ಮೇಲೆ ಹೊಸ ಮೀನು ಹಿಡಿಯಲು ತೋಡಿಗೆ ಇಳಿಯುವುದು.